ಮೀಯುವ ನೀರು

ಆ ವರ್ಷ ಮಿರಗದ ಮಳೆ ಬರಲಿಲ್ಲ. ಆರಿದ್ರೆ ಮೋಡ ತೋರಿಸಿ ಹೋಯಿತು. ಪುನರ್ವಸು ಬರೀ ಗಾಳಿಯಲ್ಲಿ ಕಳೆಯಿತು. ಜಗಳೂರು ಸೀಮೆಯವರಿಗೆ ಮಳೆ ತಪ್ಪುವುದು ಹೊಸದಲ್ಲ. ಆದರೆ ಅದರ ಹಿಂದಿನ ವರ್ಷವೂ ತಪ್ಪಿತ್ತು. ಒಂದು ವರ್ಷದ ಬರವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟ ಜೋಳ ತಡೆದುಕೊಳ್ಳುತ್ತದೆ. ಎರಡನೆಯ ವರ್ಷ ಹಗೇವಿಗೆ ಇಳಿದವನು ಕೈ ಕೊಡವಿಕೊಂಡು ಮೇಲೆ ಬರುತ್ತಾನೆ. ಹೊಟ್ಟೆಯದು ಹೇಗೋ ನಡೆದೀತು, ಸೊಪ್ಪೋ ಗೆಡ್ಡೆಯೋ ಬೇಯಿಸಿಕೊಂಡಾರು. ಬೇಯಿಸಲು ನೀರು ಬೇಕಲ್ಲ.

ಕರೆಕಲ್ಲಹಳ್ಳಿಯ ಕೆರೆ ಶಿವರಾತ್ರಿಗೆ ಮೊದಲೇ ಒಣಗಿತು. ಜನ ಕೆರೆಯಂಗಳದಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಲ್ಲಿ ಮೊಗೆದು ಮೊಗೆದು ಕೊಡ ತುಂಬಿದರು. ಒರತೆಯೂ ನಿಂತಿತು. ಊರ ಮುಂದಿನ ಸಿಹಿನೀರಿನ ಬಾವಿ ಬೇಸಗೆಯ ನಡುವೆ ಕೈಬಿಟ್ಟಿತು. ಗಂಡಸರಲ್ಲಿ ಕೆಲವರು ದನಗಳನ್ನು ಹೊನ್ನಾಳಿ ಕಡೆಗೆ ಹೊಳೆ ದಂಡೆಗೆ ಹೊಡೆದುಕೊಂಡು ಹೋದರು. ಹೋದವರು ಅಲ್ಲೇ ನ್ಯಾಮತಿಯ ಸುತ್ತ ಕೂಲಿಗೆ ನಿಂತರೆಂದು ಸುದ್ದಿ ಬಂತು. ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿತ್ತು. ಅದರಿಂದ ಊರಿಗೆ ತಟ್ಟಿದ್ದೆಂದರೆ ಸೀಮೆಎಣ್ಣೆ ಸಿಗದಿದ್ದುದು. ಕಂದಾಯದ ಶೇಕದಾರರು ಒಮ್ಮೆ ಕುದುರೆ ಮೇಲೆ ಬಂದು ಕೆರೆ ನೋಡಿಕೊಂಡು ಹೋದರು.

ಊರಿಗೆ ಉಳಿದದ್ದು ಸಾವಂತ್ರಮ್ಮನ ಹೊಲದ ಬಾವಿಯೊಂದೇ.

ಅದನ್ನು ತೋಡಿಸಿದವನು ಅವಳ ಗಂಡ ಓಂಕಾರಪ್ಪ. ಮದುವೆಯಾದ ವರ್ಷವೇ ಕೆಲಸ ಹಿಡಿದ. ಕೇರಿಯ ದುರುಗಣ್ಣ ಮತ್ತು ಅವನ ತಮ್ಮಂದಿರ ಜತೆ ತಾನೂ ಇಳಿದು ಅಗೆದ. ಅರ್ಧಕ್ಕೆ ಬಂಡೆ ಸಿಕ್ಕಿತು. ಊರವರು ಅವನ ದುಡ್ಡಿಗೆ ಮರುಗಿದರು, ಅವನ ಹಟಕ್ಕೆ ನಕ್ಕರು. ಬಂಡೆಯ ಸಂದಿನಿಂದ ಕೊನೆಗೆ ಬೆರಳು ಗಾತ್ರದ ನೀರು ಬಂತು. ಜಾಸ್ತಿಯಲ್ಲ, ಆದರೆ ನಿಲ್ಲದ ನೀರು. ಅದಾಗಿ ಮೂರನೆಯ ವರ್ಷದ ಕಾರ್ತೀಕದಲ್ಲಿ, ಬರ ಕಾಲಿಡುವ ಮೊದಲು, ಅವನಿಗೆ ಜ್ವರ ಬಂತು, ಇಳಿಯಲಿಲ್ಲ. ಅವನನ್ನು ಅದೇ ಹೊಲದಲ್ಲಿ, ಬಾವಿಯ ಆಚೆ ಬದುವಿನ ಬೇವಿನ ಮರದ ಕೆಳಗೆ, ಲಿಂಗವಂತರ ಪದ್ಧತಿಯಂತೆ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರೆ ತುಂಬಿ ಮಣ್ಣು ಮಾಡಿದರು.

ಮನೆಯಲ್ಲಿ ಉಳಿದವರು ಇಬ್ಬರು: ಸಾವಂತ್ರಮ್ಮ, ಅವಳ ಅತ್ತೆ ತಿಪ್ಪಮ್ಮ. ಯುಗಾದಿಗೆ ಮುಂಚೆ ಸಾವಂತ್ರಮ್ಮನ ಅಣ್ಣ ಚನ್ನಗಿರಿ ಕಡೆಯ ನಲ್ಲೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ. "ನಮ್ಮಲ್ಲಿ ಇನ್ನೂ ಕೆರೆ ನೀರು ಹರೀತೈತೆ, ಇಲ್ಲಿ ಯಾರಿಗೆ ಅಂತ ಒಣಗ್ತೀಯ, ಬಾ," ಎಂದ. ಅವಳು ಅತ್ತೆಯ ಮುಖ ನೋಡಿದಳು, ಬರುವುದಿಲ್ಲವೆಂದಳು. ಕಾರಣ ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಗಂಡ ಹೋದ ದಿನದಿಂದ ಅವಳಿಗೆ ಯಾವುದೂ ಬೇಕೆನಿಸಿರಲಿಲ್ಲ, ಬೇಡವೆನಿಸಿಯೂ ಇರಲಿಲ್ಲ. ಅತ್ತಿರಲಿಲ್ಲ ಕೂಡ. ಜನ ಅದನ್ನೂ ಆಡಿಕೊಂಡಿದ್ದರು.

ಬೆಳಗಾದರೆ ಹೊಲಕ್ಕೆ ಹೋಗುವಳು. ಬಾವಿಯ ಗಡಗಡೆಗೆ ಹಗ್ಗ ಹಾಕಿ ಸೇದುವಳು. ಮನೆಗೆ ಎರಡು ಕೊಡದಂತೆ ಊರಿಗೆಲ್ಲ ಹಂಚುವಳು. ಕೇರಿಯ ಹೆಂಗಸರು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಅವರ ಕೊಡಗಳಿಗೆ ಇವಳೇ ಮೇಲಿನಿಂದ ಹೊಯ್ಯಬೇಕು. ಸರದಿ ಮುಗಿಯುವ ಹೊತ್ತಿಗೆ ಬಾವಿಯ ತಳ ಕಾಣುತ್ತಿತ್ತು. ಮಾರನೆಯ ಬೆಳಿಗ್ಗೆಗೆ ಮತ್ತೆ ಅಷ್ಟೇ ನೀರು ಊರಿರುತ್ತಿತ್ತು. ಅಷ್ಟೇ, ಹೆಚ್ಚಿಲ್ಲ. ಕೈ ತನ್ನಷ್ಟಕ್ಕೆ ಹಗ್ಗ ಎಳೆಯುತ್ತಿತ್ತು, ಅವಳು ಎಲ್ಲೋ ಇರುತ್ತಿದ್ದಳು.

ಅವತ್ತೂ ಹಾಗೆಯೇ ಸೇದುತ್ತಿದ್ದಳು.

"ಸಾವಂತ್ರವ್ವಾ, ನನ್ನ ಕೊಡಕ್ಕೆ ತಳದ ಕೆಸರು ಹೊಯ್ಯಬ್ಯಾಡವ್ವ," ಎಂದಳು ಭೀಮಕ್ಕ. ಅವಳು ಪಕ್ಕದ ಮನೆಯವಳು, ಬಾಯಿ ಜೋರು. "ನಿನ್ನೆ ಅದನ್ನ ಕುಡಿದು ನಮ್ಮನೆಯೋರ ಹೊಟ್ಟೇಲಿ ಸಜ್ಜೆ ಮೊಳಕೆ ಒಡೆದೈತೆ."

"ಊರಿಗೆಲ್ಲ ಬೆಳೆ ಹೋಯ್ತು, ನಿಮ್ಮನೇಲಿ ಒಬ್ಬರಿಗಾದ್ರೂ ಬಂತಲ್ಲ ಬಿಡು," ಎಂದಳು ಹಿಂದಿನವಳು.

"ಬಂದದ್ದು ಬಂತು, ಕುಯ್ಯಾಕೆ ನೀನು ಬರ್ತೀಯಾ?"

ಹೆಂಗಸರು ನಕ್ಕರು. ಸಾವಂತ್ರಮ್ಮ ನಗಲಿಲ್ಲ, ಆದರೆ ಭೀಮಕ್ಕನ ಕೊಡಕ್ಕೆ ಮೇಲಿನ ತಿಳಿನೀರನ್ನೇ ಹೊಯ್ದಳು.

ಸರದಿ ಮುಗಿದ ಮೇಲೂ ಭೀಮಕ್ಕ ಹೋಗಲಿಲ್ಲ. ಕೊಡವನ್ನು ಸೊಂಟಕ್ಕೇರಿಸಿ, ಇಳಿಸಿ, ಸಿಂಬೆ ಸರಿಮಾಡಿಕೊಂಡಳು.

"ಏನಕ್ಕ?"

"ನಿನ್ನೆ ಚಾವಡೀಲಿ ನಿನ್ನ ಗಂಡನ ಮಾತು ಬಂತಂತೆ ಕಣವ್ವ."

ಸಾವಂತ್ರಮ್ಮ ಹಗ್ಗ ಸುತ್ತುತ್ತಿದ್ದವಳು ನಿಲ್ಲಿಸಿದಳು. ಕೇಳಬೇಕಾಗಿರಲಿಲ್ಲ. ಯಾವ ಮಾತು ಎಂದು ಅವಳಿಗೆ ತಿಳಿಯಿತು.

ಓಂಕಾರಪ್ಪನಿಗೆ ತೊನ್ನು ಇತ್ತು. ಮೊದಲು ಕೆಳತುಟಿಯ ಮೂಲೆಯಲ್ಲಿ ಅಕ್ಕಿ ಕಾಳಿನಷ್ಟು ಬೆಳ್ಳಗಾಯಿತು. ಆಮೇಲೆ ಬೆರಳ ತುದಿಗಳು. ನೋವಿಲ್ಲ, ತುರಿಕೆಯಿಲ್ಲ. "ಸುಣ್ಣ ಮುಟ್ಟಿ ಬಂದೋನ ಹಂಗೆ ಕಾಣ್ತೀನೇನೇ?" ಎಂದು ಅವನೇ ನಗುತ್ತಿದ್ದ. ಬದುಕಿದ್ದಾಗ ಊರು ಅದನ್ನು ಕಂಡೂ ಕಾಣದಂತೆ ಇತ್ತು. ಅವನ ಪಕ್ಕದಲ್ಲೇ ಊಟಕ್ಕೆ ಕೂರುತ್ತಿತ್ತು. ಆದರೆ ಸತ್ತವರ ಮಾತು ಬೇರೆ. ತೊನ್ನು ಹತ್ತಿದ ಮೈಯನ್ನು ಹೂಳಿದರೆ ಭೂಮಿತಾಯಿ ಅದನ್ನು ಒಪ್ಪುವುದಿಲ್ಲ, ಆ ನೆಲದ ಮೇಲೆ ಮಳೆ ಇಳಿಯುವುದಿಲ್ಲ ಎಂದು ಆ ಸೀಮೆಯಲ್ಲಿ ನಂಬುತ್ತಿದ್ದರು. ಬರ ಬಂದಾಗ ಅಂಥ ಗುಣಿಗಳನ್ನು ಹುಡುಕಿ, ಅಗೆದು ತೆಗೆದು, ಸುಡುತ್ತಿದ್ದರು. ಆ ಬೇಸಗೆಯಲ್ಲಿ ಆಗಲೇ ಎರಡು ಗುಣಿ ತೆರೆದಾಗಿತ್ತು. ಒಂದು ಕುಂಬಾರರ ಮುದುಕಿಯದು. ಇನ್ನೊಂದು, ಹಟ್ಟಿಯ ಕುರಿಗಾಹಿಯೊಬ್ಬನದು. ಮಳೆ ಬಂದಿರಲಿಲ್ಲ. ಆದ್ದರಿಂದ ಇನ್ನೂ ಒಂದು ಉಳಿದಿರಬೇಕು ಎಂದು ಜನ ಲೆಕ್ಕ ಹಾಕಿದ್ದರು.

"ಲಿಂಗ ಕಟ್ಟಿದ ಮೈ ಅದು," ಎಂದಳು ಸಾವಂತ್ರಮ್ಮ. "ಸುಡಾಕೆ ಬರ್ತೈತೇನಕ್ಕ?"

"ಅಯ್ನೋರು ಹಂಗೇ ಅಂದ್ರಂತೆ. ಗೌಡ್ರು, ಲಿಂಗ ತೆಗೆದು ಬಾವೀಗೆ ಬಿಡಾನ ಅಂದ್ರಂತೆ." ಭೀಮಕ್ಕ ಬಾವಿಯ ಕಡೆ ನೋಡಿ, ಕೂಡಲೇ ಕಣ್ಣು ತೆಗೆದಳು. "ನಾನು ಹೇಳ್ದೆ ಅನ್ಬ್ಯಾಡ."

ಸಂಜೆ ಗೌಡ ಮರುಳಸಿದ್ದಪ್ಪ ಮನೆಗೆ ಬಂದ. ಕೆಟ್ಟವನಲ್ಲ. ಬಾವಿ ತೋಡುವಾಗ ತನ್ನ ಎತ್ತು ಕಳಿಸಿಕೊಟ್ಟಿದ್ದವನು. ಅವನ ಮೊಮ್ಮಗು ಒಂದು ವಾರದಿಂದ ಭೇದಿಯಲ್ಲಿ ಬಿದ್ದಿತ್ತು, ಅವನ ಮುಖ ಕಪ್ಪಿಟ್ಟಿತ್ತು. ಜಗಲಿಯ ಮೇಲೆ ಕೂತು, ಕೊಟ್ಟ ಬೆಲ್ಲ ಮುಟ್ಟಿ, ನೀರು ಬೇಡವೆಂದ. ಆ ದಿನಗಳಲ್ಲಿ ಬಂದವರು ನೀರು ಬೇಡವೆನ್ನುವುದೇ ಮರ್ಯಾದೆಯಾಗಿತ್ತು.

"ತಿಪ್ಪಕ್ಕ, ಬಾಯಿ ಬಿಟ್ಟು ಹೇಳಾಕೆ ಆಗಲ್ಲ ನಂಗೆ," ಎಂದ.

"ಗೊತ್ತಾತು ಬಿಡಪ್ಪ," ಎಂದಳು ತಿಪ್ಪಮ್ಮ. ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು.

"ಊರು ಉಳೀಬೇಕಲ್ಲ. ಸೋಮವಾರ ಅಂತ ಮಾಡೀವಿ. ಮನೆಗೊಬ್ಬ ಗಂಡಸು ಬರ್ತಾನೆ, ಎಲ್ಲರೂ ಒಂದೊಂದು ಏಟು ಹಾಕ್ತೀವಿ. ಪಾಪ ಯಾರೊಬ್ಬರ ತಲೆಗೂ ಬರಬಾರದು. ಅದು ಹಿರೇರು ಮಾಡಿದ ಕಟ್ಟು. ಕಟ್ಟಿಗೆ ಮೌಲಾಸಾಬ್ ಗಾಡೀಲಿ ಬರ್ತಾವೆ. ಮುಗಿದ ಮ್ಯಾಲೆ ತಲೆಗೆ ನೀರು ಹಾಕ್ಕಳಾಕೆ ದೂರ ಹೋಗಂಗಿಲ್ಲ, ಬಾವಿ ಅಲ್ಲೇ ಐತೆ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಸಾವಂತ್ರಮ್ಮನಿಗೆ ಕೊನೆಯ ಮಾತು ಕಿವಿಯಲ್ಲೇ ನಿಂತುಬಿಟ್ಟಿತು. ಅವನನ್ನು ಅಗೆದು, ಸುಟ್ಟು, ಅವನ ಬಾವಿಯ ನೀರಿನಲ್ಲೇ ಮೀಯುವವರು.

"ನಾನು ಒಪ್ಪಲ್ಲ," ಎಂದಳು. ಗಂಡ ಸತ್ತ ಮೇಲೆ ಊರ ಗಂಡಸರ ಎದುರಿಗೆ ಅವಳು ಆಡಿದ ಮೊದಲ ಮಾತು ಅದು.

ಗೌಡ ಅವಳನ್ನು ನೋಡಲಿಲ್ಲ. "ನಿನ್ನ ಸಂಕಟ ನಂಗೆ ತಿಳೀತೈತೆ ತಂಗಿ. ಆದ್ರೆ ಹೆತ್ತೋಳ ಮಾತು ದೊಡ್ಡದು. ಏನಂತೀಯ ತಿಪ್ಪಕ್ಕ?"

ತಿಪ್ಪಮ್ಮ ಚಾಚಿದ್ದ ಕಾಲನ್ನು ಮಡಚಿಕೊಂಡಳು. "ಸೋಮವಾರ ಬರ್ರಿ," ಎಂದಳು.

ಗೌಡ ಹೋದ ಮೇಲೆ ಸಾವಂತ್ರಮ್ಮ ಅತ್ತೆಯ ಎದುರು ಕೂತಳು. ಜಗಳವಾಡಬೇಕು ಎನಿಸಿತು. ಹೇಗೆ ಶುರುಮಾಡುವುದೆಂದು ಮರೆತುಹೋಗಿತ್ತು.

"ನೀವು ನಂಬ್ತೀರಾ ಅತ್ತೆ?"

"ನಂಬದೆ ಏನು ಮಾಡ್ಲಿ? ನಾನು ಸಣ್ಣಾಕೆ ಇದ್ದಾಗ ಒಂದು ಬರ ಬಂದಿತ್ತು. ನಮ್ಮ ಚಿಕ್ಕಪ್ಪನ್ನ ತೆಗೆದ್ರು. ಸುಟ್ಟ ಬೂದಿ ಆರಿರಲಿಲ್ಲ, ಮಳೆ ಹೊಡೀತು. ನಾನೇ ನೋಡೀನಿ. ಅಂಗಳದಾಗೆ ನಿಂತು ನೆನೆದೀನಿ."

"ಈ ಸಲ ಎರಡು ಸುಟ್ರು. ಬರ್ಲಿಲ್ಲ."

"ಅದಕ್ಕೇ ಮೂರನೇದು ಅಂತಾರೆ." ಮುದುಕಿ ಕಾಲನ್ನು ಒತ್ತಿಕೊಂಡಳು. "ಗೌಡ್ರ ಮೊಮ್ಮಗೀನ ನೋಡಿದ್ಯಾ? ತುಟಿ ಒಡೆದು ರಕ್ತ ಬಂದೈತೆ. ನನ್ನ ಮಗನಿಂದ ಅಂತ ನಾಳೆ ಆ ಹೆಣ್ಣು ಮಗಳು ಮಣ್ಣು ತೂರಿದ್ರೆ ನಾನು ಎಲ್ಲಿ ಮುಖ ಇಡ್ಲಿ?"

ಸಾವಂತ್ರಮ್ಮನ ಕಣ್ಣು ಸೂರಿಗೆ ಸಿಕ್ಕಿಸಿದ್ದ ಕುಡುಗೋಲಿನ ಕಡೆ ಹೋಯಿತು.

"ಬಾವಿಗೆ ಮುಳ್ಳು ಹಚ್ಚಬೇಕು ಅಂತ ನಿನ್ನ ಮನಸ್ಸಿನಾಗೆ ಇದ್ರೆ ಬ್ಯಾಡ," ಎಂದಳು ತಿಪ್ಪಮ್ಮ. "ಅದು ಅವನು ಊರಿಗೆ ಅಂತ ತೋಡಿದ್ದಲ್ಲ, ಹೊಲಕ್ಕೆ ಅಂತ ತೋಡಿದ್ದು. ಆದ್ರೂ ಕೇಳಿದ್ರೆ ಬ್ಯಾಡ ಅಂತಿರಲಿಲ್ಲ."

ಅದು ಅವಳ ಮನಸ್ಸಿನಲ್ಲಿತ್ತು. ಜಾಲಿ ಮುಳ್ಳು ಕಡಿದು ಬಾವಿಯ ಬಾಯಿಗೆ ಒಟ್ಟಿದರೆ ಸಂಜೆಯೊಳಗೆ ಊರು ಅವಳ ಕಾಲಿಗೆ ಬೀಳುತ್ತಿತ್ತು. ಬಾವಿ ಅವಳದು, ಹೊಲ ಅವಳದು. ಮಾರನೆಯ ಬೆಳಿಗ್ಗೆ ಕುಡುಗೋಲು ಹಿಡಿದುಕೊಂಡೇ ಹೊಲಕ್ಕೆ ಹೋದಳು. ಅವಳಿಗಿಂತ ಮೊದಲೇ ಹೆಂಗಸರು ಬಂದು ಕೊಡಗಳ ಸಾಲು ಹಚ್ಚಿದ್ದರು. ಸಾಲಿನ ಕೊನೆಗೆ ಗೌಡರ ಸೊಸೆ, ಕಂಕುಳಲ್ಲಿ ಆ ಮಗು. ಮಗು ಬಾವಿಯ ಗಡಗಡೆಯನ್ನೇ ನೋಡುತ್ತಿತ್ತು. ಸಾವಂತ್ರಮ್ಮ ಕುಡುಗೋಲನ್ನು ಬೇವಿನ ಮರಕ್ಕೆ ಸಿಕ್ಕಿಸಿ ಹಗ್ಗ ಹಿಡಿದಳು. ಗೌಡರ ಸೊಸೆಯ ಸರದಿ ಬರುವ ಮೊದಲೇ ಕರೆದು, ಬೊಗಸೆಯಲ್ಲಿ ಆ ಮಗುವಿಗೆ ಕುಡಿಸಿದಳು.

ಅವತ್ತು ಎಲ್ಲರೂ ಹೋದ ಮೇಲೆ ಬಾವಿಗೆ ಬಗ್ಗಿ ನೋಡಿದಳು. ಬಂಡೆ ಪೂರಾ ಕಾಣುತ್ತಿತ್ತು. ಗಂಡ ಸುತ್ತಿಗೆಯಿಂದ ಹೊಡೆದ ಗುರುತುಗಳೂ ಕಾಣುತ್ತಿದ್ದವು. ಸಂದಿನಿಂದ ನೀರು ಸದ್ದಿಲ್ಲದೆ ಜಿನುಗುತ್ತಿತ್ತು. ಇಡೀ ಹಗಲು ರಾತ್ರಿ ಜಿನುಗಿದರೆ ಊರಿಗೆ ಎರಡೆರಡು ಕೊಡ. ಗೌಡ ಆಡಿದ ಮಾತು ಮತ್ತೆ ನೆನಪಾಯಿತು. ಮನೆಗೊಬ್ಬ ಗಂಡಸು. ಹೆಣವನ್ನೋ ಗುಣಿಯನ್ನೋ ಮುಟ್ಟಿದವನು ಉಟ್ಟ ಬಟ್ಟೆಯ ಸಮೇತ ತಲೆಯಿಂದ ಕಾಲಿನವರೆಗೆ ಮೀಯದೆ ಹೊಸ್ತಿಲು ದಾಟುವ ಹಾಗಿಲ್ಲ, ಒಲೆ ಮುಟ್ಟುವ ಹಾಗಿಲ್ಲ, ಮಕ್ಕಳನ್ನು ಮುಟ್ಟುವ ಹಾಗಿಲ್ಲ. ಕುಂಬಾರರ ಮುದುಕಿಯನ್ನು ಸುಟ್ಟಾಗ ಊರ ಮುಂದಿನ ಬಾವಿಯಲ್ಲಿ ನೀರಿತ್ತು. ಈಗ ಇದೊಂದೇ.

ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಸೋಮವಾರ ಬಿಸಿಲು ಹುಟ್ಟುತ್ತಲೇ ಸುಡುತ್ತಿತ್ತು. ಹಾರೆ, ಪಿಕಾಸಿ ಹೊತ್ತು ಗಂಡಸರು ಬಂದು ಬದುವಿನ ಮೇಲೆ ನಿಂತರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೌಲಾಸಾಬ್ ಕಟ್ಟಿಗೆ ಗಾಡಿಯನ್ನು ಹೊಲದ ದಾರಿಯಲ್ಲಿ ನಿಲ್ಲಿಸಿ ಎತ್ತುಗಳ ನೊಗ ಬಿಡಿಸದೆಯೇ ಕೂತಿದ್ದ. ನೀರಿನ ಹೊತ್ತಾದ್ದರಿಂದ ಹೆಂಗಸರೂ ಕೊಡ ಹಿಡಿದು ಬಂದರು. ಅವರನ್ನು ಬರಬೇಡಿ ಎನ್ನಲು ಯಾರಿಗೂ ನೆನಪಾಗಿರಲಿಲ್ಲ.

"ಇವತ್ತು ನೀರು ಆಮ್ಯಾಲೆ," ಎಂದ ಗೌಡ ಹೆಂಗಸರಿಗೆ. "ಮೊದ್ಲು ಈ ಕೆಲಸ ಆಗ್ಲಿ. ನಾವು ತಲೆಗೆ ಹಾಕ್ಕಂಡ ಮ್ಯಾಲೆ ನೀವು ತುಂಬ್ಕಳ್ರಿ."

ಸಾವಂತ್ರಮ್ಮ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು. ಸೆರಗನ್ನು ತಲೆ ತುಂಬ ಹೊದ್ದು, "ಗೌಡ್ರೆ, ಒಂದು ಸಲ ಬಗ್ಗಿ ನೋಡ್ರಿ," ಎಂದಳು.

"ಏನು ನೋಡಾದೈತೆ?"

"ನೋಡ್ರಿ."

ಅವನು ಬಂದು ಬಗ್ಗಿ ನೋಡಿದ. ಬಹಳ ದಿನಗಳಿಂದ ಯಾವ ಗಂಡಸೂ ಆ ಬಾವಿಗೆ ಬಗ್ಗಿ ನೋಡಿರಲಿಲ್ಲ. ನೀರು ಮನೆಗೆ ಬರುತ್ತಿತ್ತು, ಕುಡಿಯುತ್ತಿದ್ದರು.

"ಇಷ್ಟೇನಾ?" ಎಂದ.

"ಇಷ್ಟೇ. ಮನೆಗೆ ಎರಡು ಕೊಡ ಆಗ್ತಾವೆ. ನಾಳೆ ಬೆಳಿಗ್ಗೆವರೆಗೂ ಮತ್ತೆ ನೀರು ಊರಲ್ಲ. ಮನೆಗೊಬ್ಬರು ಬಟ್ಟೆ ಸಮೇತ ಮಿಂದ್ರೆ ಕುಡಿಯಾಕೆ ಒಂದು ಗುಟುಕು ಉಳಿಯಲ್ಲ. ನಾನು ಬಾವಿಗೆ ಮುಳ್ಳು ಹಚ್ಚಿಲ್ಲ, ಹಚ್ಚಲ್ಲ. ನನ್ನ ಕೈಯ್ಯಾರೆ ಸೇದಿ ಕೊಡ್ತೀನಿ. ಮೀಯಾಕೋ, ಕುಡಿಯಾಕೋ, ಅದನ್ನ ನೀವೆಲ್ಲ ಕೂಡಿ ಹೇಳ್ರಿ."

ಹೆಂಗಸರ ಸಾಲಿನಲ್ಲಿ ಒಂದು ಕೊಡ ಇನ್ನೊಂದಕ್ಕೆ ತಾಗಿ ಸದ್ದಾಯಿತು.

ಗೌಡ ಮೀಸೆ ಒರೆಸಿಕೊಂಡ. "ಮಳೆ ಬಂದ ಮ್ಯಾಲೆ ಬಾವಿ ನೀರು ಯಾಕೆ ಬೇಕಮ್ಮ? ಇವತ್ತು ಸುಟ್ರೆ ನಾಳೆ ಬರ್ತೈತೆ. ಹರಿಯೋ ನೀರಾಗೇ ಮೀತೀವಿ."

"ಹಂಗೇ ಮಾಡ್ರಿ ಗೌಡ್ರೆ," ಎಂದಳು ಭೀಮಕ್ಕ, ಸಾಲಿನಿಂದ ಆಚೆ ಬಂದು. "ಅಲ್ಲೀತನಕ ಎಲ್ಲಾರೂ ಕೆರೆಯಂಗಳದಾಗೆ ಕುಂತಿರ್ರಿ. ರೊಟ್ಟಿ ದೂರದಿಂದ ಎಸೀತೀವಿ, ಹಿಡ್ಕಳ್ರಿ. ಕುಂಬಾರಜ್ಜೀನ ಸುಟ್ಟಾಗ್ಲೂ ನಾಳೆ ಅಂದಿದ್ರಿ. ಆ ನಾಳೆ ಇನ್ನೂ ದಾರಿಯಾಗೈತೆ."

"ಬಾಯಿ ಮುಚ್ಚೇ," ಎಂದ ಬದುವಿನ ಮೇಲಿಂದ ಅವಳ ಗಂಡ ನಾಗರಾಜಪ್ಪ.

"ನೀರಿಲ್ಲದಿದ್ರೆ ತಾನಾಗೇ ಮುಚ್ಚತೈತೆ, ಅವಸರ ಯಾಕ್ರಿ? ಈಗ್ಲೇ ಹೇಳ್ತೀನಿ, ನನ್ನ ಎರಡು ಕೊಡದಾಗೆ ನಿಮ್ಮ ತಲೆಗೆ ಒಂದು ಚೆಂಬೂ ಕೊಡಲ್ಲ. ಮಕ್ಕಳು ಏನು ಕುಡೀಬೇಕು?"

ಯಾರೋ ನಕ್ಕರು, ಬೇಗ ನಿಲ್ಲಿಸಿದರು. ಗೌಡ ಗಂಡಸರ ಕಡೆ ತಿರುಗಿದ. "ಸರಿ. ಮಳೆ ಬರೋವರ್ಗೂ ಊರ ಹೊರಗೆ ಕುಂತಿರೋರು ಯಾರು? ಮುಂದೆ ಬರ್ರಿ."

ಗಾಳಿಗೆ ಬೇವಿನ ಒಣಗಿದ ಎಲೆ ಉದುರಿದವು. ಒಬ್ಬ ಪಿಕಾಸಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ. ಇನ್ನೊಬ್ಬ ಆಕಾಶ ನೋಡಿದ. ಅಲ್ಲಿ ಕಣ್ಣು ಕುಕ್ಕುವ ಬಿಳುಪಲ್ಲದೆ ಏನೂ ಇರಲಿಲ್ಲ. ಮಳೆ ಬಂದೇ ಬರುತ್ತದೆಂದು ಚಾವಡಿಯಲ್ಲಿ ನೆಲ ಗುದ್ದಿ ಹೇಳಿದವರೂ ಅಲ್ಲಿದ್ದರು. ಯಾರೂ ಮುಂದೆ ಬರಲಿಲ್ಲ.

"ನಾನು ಕುಂತಿರ್ತೀನಿ."

ತಿಪ್ಪಮ್ಮ. ಯಾವಾಗ ಬಂದಳೋ, ಹೆಂಗಸರ ಹಿಂದಿನಿಂದ ಕೋಲೂರಿಕೊಂಡು ನಡೆದು ಬಂದಳು. ಕೋಲು ಬಿಸಾಕಿ ದುರುಗಣ್ಣನ ಮುಂದೆ ಕೈ ಚಾಚಿದಳು.

"ಕೊಡಪ್ಪ ಅದನ್ನ."

"ಅಜ್ಜೀ, ನೀನ್ಯಾಕೆ..." ದುರುಗಣ್ಣ ಪಿಕಾಸಿಯನ್ನು ಹಿಂದಕ್ಕೆ ಎಳೆದುಕೊಂಡ.

"ಮನೆಗೊಬ್ಬರು ಅಂದ್ರು. ನಮ್ಮನೇಲಿ ಗಂಡಸಿಲ್ಲ, ನಾನಿದೀನಿ. ನೀರೂ ಬ್ಯಾಡ, ಮನೇನೂ ಬ್ಯಾಡ. ಮಳೆ ಬರೋವರ್ಗೂ ಇಲ್ಲೇ ಈ ಮರದ ಬುಡದಾಗೆ ಇರ್ತೀನಿ. ಮೊದ್ಲನೇ ಏಟು ಹೆತ್ತೋಳದು ಅಂತ ತಿಳ್ಕಳ್ರಿ."

ಅವಳು ಪಿಕಾಸಿ ಕಿತ್ತುಕೊಂಡಳು. ತಡೆಯಲು ಯಾರಿಗೂ ಕೈ ಬರಲಿಲ್ಲ. ಸಾವಂತ್ರಮ್ಮನಿಗೆ ಓಡಿಹೋಗಿ ಆ ಕೈ ಹಿಡಿಯಬೇಕೆನಿಸಿತು. ಬಾವಿಯ ಕಟ್ಟೆಯಿಂದ ಇಳಿದಳು, ಅಷ್ಟಕ್ಕೇ ನಿಂತಳು. ಹೆಂಡತಿಯ ಮಾತು ಊರಿನ ಎದುರು ನಿಲ್ಲಬಹುದಿತ್ತು. ತಾಯಿಯ ಎದುರು ನಿಲ್ಲುವ ಮಾತು ಅವಳಲ್ಲಿರಲಿಲ್ಲ.

ತಿಪ್ಪಮ್ಮ ಗುಣಿಯ ತಲೆಗೆ ನಿಂತು, ಪಿಕಾಸಿಯನ್ನು ಎದೆಯವರೆಗೆ ಎತ್ತಿ ಹಾಕಿದಳು. ಠಣ್ ಎಂದಿತು. ನೆಲದ ಮೇಲೆ ಒಂದು ಬಿಳಿ ಗೀರು ಬಿತ್ತು. ಮತ್ತೆ ಹಾಕಿದಳು. ಎರಡು ವರ್ಷ ಹನಿ ಕಾಣದ ಎರೆಮಣ್ಣು, ಪಿಕಾಸಿಯೇ ಪುಟಿದು ಅವಳ ಕೈ ತಿರುವಿತು. ಅವಳು ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಹತ್ತಿರವಿದ್ದವರಿಗೆ ಕೇಳಿಸಿತು: "ಏಳಪ್ಪ, ಏಳು. ಬಾರಪ್ಪ." ಮಗನನ್ನು ಮಲಗಿದ್ದಲ್ಲಿಂದ ಎಬ್ಬಿಸುವ ಹಾಗೆ. ಹೊಡೆದಳು, ಹೊಡೆದಳು. ಒಂದು ಹೆಂಟೆ ಎದ್ದಿತು, ಮುಷ್ಟಿಯಷ್ಟು. ಪಿಕಾಸಿ ಕೈ ಜಾರಿ ಬಿತ್ತು. ಮುದುಕಿ ಗುಣಿಯ ಮೇಲೆಯೇ ಕೂತುಬಿಟ್ಟಳು.

"ಕೈ ಹಚ್ರೋ," ಎಂದ ಗೌಡ. ಅವನ ದನಿ ಅವನಿಗೇ ಕೇಳಿಸದ ಹಾಗಿತ್ತು.

ಯಾರೂ ಕದಲಲಿಲ್ಲ.

"ಅಜ್ಜಿ ಗುಣಿ ಮುಟ್ಟಿದ್ಳು," ಎಂದ ದುರುಗಣ್ಣ ಮೆಲ್ಲಗೆ. "ಇನ್ನು ಮೀಯದೆ ಮನೆ ಹೊಗಂಗಿಲ್ಲ."

ಎಲ್ಲರೂ ಸಾವಂತ್ರಮ್ಮನ ಕಡೆ ನೋಡಿದರು. ಅವಳು ಕಟ್ಟೆ ಹತ್ತಿ ಹಗ್ಗ ಬಿಟ್ಟಳು. ತನ್ನ ಮನೆಯ ಎರಡು ಕೊಡಗಳನ್ನು ತುಂಬಿದಳು. ಒಂದನ್ನು ಸೊಂಟದ ಮೇಲೆ, ಒಂದನ್ನು ತಲೆಯ ಮೇಲೆ ಇಟ್ಟುಕೊಂಡು ಬದುವಿಗೆ ನಡೆದಳು. ಗಂಡಸರು ದಾರಿ ಬಿಟ್ಟರು.

"ಬ್ಯಾಡ್ವೇ, ಬ್ಯಾಡ," ಎಂದಳು ತಿಪ್ಪಮ್ಮ. "ನಾನು ಇಲ್ಲೇ ಇರ್ತೀನಿ ಅಂದೆನಲ್ಲ."

"ನೀವಿಲ್ಲದ ಮನೇಲಿ ನಾನೇನು ಮಾಡ್ಲಿ ಅತ್ತೆ?"

ಕೊಡಗಳನ್ನಿಳಿಸಿ, ಮೈ ಮುಟ್ಟದ ಹಾಗೆ ಕೋಲು ಚಾಚಿ ಅತ್ತೆಯನ್ನು ಎಬ್ಬಿಸಿ, ಗುಣಿಯಿಂದ ಈಚೆ ಕರೆತಂದು ಕೂರಿಸಿದಳು. ಮೊದಲ ಕೊಡವನ್ನು ನೆತ್ತಿಯ ಮೇಲೆ ನಿಧಾನವಾಗಿ ಹೊಯ್ದಳು. ನೀರು ಬಿಳಿ ಕೂದಲಲ್ಲಿ ಇಳಿದು, ಸೀರೆಯನ್ನು ಮೈಗೆ ಅಂಟಿಸಿ, ಮೊಳಕಾಲಿನಿಂದ ತೊಟ್ಟಿಕ್ಕಿ ನೆಲಕ್ಕೆ ಬಿತ್ತು. ಮುದುಕಿಯ ಮೈ ಎಷ್ಟು ಸಣ್ಣದಾಗಿದೆಯೆಂದು ಆಗ ಎಲ್ಲರಿಗೂ ಕಂಡಿತು. ಎರಡನೆಯ ಕೊಡವನ್ನೂ ಹೊಯ್ದಳು. ಸೆರಗಿನ ಹಿಂದೆ ಇನ್ನೂ ಒಣಗಿದ್ದ ಜಾಗ ಉಳಿದಿತ್ತು. ಕೊಡದ ತಳವನ್ನು ತಟ್ಟಿ ಕೊನೆಯ ಹನಿಯನ್ನು ಅಲ್ಲಿಗೆ ಬಿಟ್ಟಳು.

ಇಡೀ ಊರು ಆ ನೀರನ್ನು ನೋಡುತ್ತ ನಿಂತಿತ್ತು. ಅದು ಹರಿಯಲಿಲ್ಲ. ಬಿರುಕಿನಲ್ಲಿ ಇಳಿದು ಕಾಣದೆ ಹೋಯಿತು. ಕಪ್ಪಗಾದ ನೆಲ ನೋಡನೋಡುತ್ತಲೇ ಅಂಚಿನಿಂದ ಬೆಳ್ಳಗಾಗತೊಡಗಿತು. ಯಾರದೋ ಮೇಕೆ ಹಗ್ಗ ಬಿಡಿಸಿಕೊಂಡು ಬಂದು ಒದ್ದೆ ಮಣ್ಣು ನೆಕ್ಕಿತು. ಒಂದು ಸಣ್ಣ ಹುಡುಗಿ ಬಗ್ಗಿ, ಅಂಗೈಯನ್ನು ನೆಲಕ್ಕೆ ಒತ್ತಿ ತುಟಿಗೆ ಹಚ್ಚಿಕೊಂಡಿತು. ತಾಯಿ ಕೈಮೇಲೆ ಹೊಡೆದಳು, ಆಮೇಲೆ ಅದನ್ನು ಎತ್ತಿಕೊಂಡಳು.

"ಇದು ನಮ್ಮನೆ ಇವತ್ತಿನ ನೀರು," ಎಂದಳು ಸಾವಂತ್ರಮ್ಮ, ಯಾರನ್ನೂ ನೋಡದೆ. ಬಾವಿಯ ಹತ್ತಿರ ಬಂದು ಹಗ್ಗ ಹಿಡಿದಳು. "ಮುಂದಿನೋರು ಯಾರು? ಹೇಳ್ರಿ, ಸೇದ್ತೀನಿ."

ಸಾಲಿನ ಮುಂದೆ ಗೌಡರ ಸೊಸೆ ಇದ್ದಳು. ಅವಳು ಮಾವನ ಕಡೆ ನೋಡಲಿಲ್ಲ. ಮಗುವನ್ನು ಕಂಕುಳಲ್ಲಿ ಸರಿಮಾಡಿಕೊಂಡು, ತನ್ನ ಕೊಡವನ್ನು ಕಟ್ಟೆಯ ಮೇಲೆ ಇಟ್ಟಳು.

"ಕುಡಿಯಾಕೆ," ಎಂದಳು.

ನಾಗರಾಜಪ್ಪ ಹಾರೆ ಹೆಗಲಿಗೇರಿಸಿ ಊರ ದಾರಿ ಹಿಡಿದ. ಇನ್ನಿಬ್ಬರು ಅವನ ಹಿಂದೆ ಹೋದರು. ದುರುಗಣ್ಣ ತನ್ನ ಪಿಕಾಸಿಯನ್ನು ಗುಣಿಯ ಮೇಲಿಂದ ಎತ್ತಿಕೊಳ್ಳಲು ಬಗ್ಗಿ, ಗುಣಿ ಮುಟ್ಟದ ಹಾಗೆ ಹಿಡಿಯ ತುದಿಯಿಂದ ಎಳೆದುಕೊಂಡ. ಎದ್ದಿದ್ದ ಹೆಂಟೆಯನ್ನು ಅದರ ಮೊನೆಯಿಂದಲೇ ಮೊದಲಿದ್ದ ಜಾಗಕ್ಕೆ ಸರಿಸಿದ.

"ಗೌಡ್ರೆ, ಕಟ್ಟಿಗೆ ಇಳಿಸ್ಲೋ, ಹೊಡ್ಕಂಡು ಹೋಗ್ಲೋ?" ಎಂದು ಮೌಲಾಸಾಬ್ ಕೂಗಿ ಕೇಳಿದ. "ಎತ್ತು ನಿಂತೂ ನಿಂತೂ ಬಾಯಾರ್ತಾವೆ."

ಗೌಡ ಕೈ ಬೀಸಿದ. ಗಾಡಿ ತಿರುಗಿತು. ಅವನೊಬ್ಬನೇ ಬಾವಿಯ ಹತ್ತಿರ ಉಳಿದ.

"ಇನ್ನು ಮಳೆ ಬರದಿದ್ರೆ ಊರು ನಿನ್ನನ್ನೇ ಕೇಳ್ತೈತೆ ತಂಗಿ."

"ಕೇಳ್ಲಿ," ಎಂದಳು ಸಾವಂತ್ರಮ್ಮ. ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ.

ಪುಷ್ಯದ ಮಳೆಯೂ ಬರಲಿಲ್ಲವೆಂಬುದನ್ನು ಇಲ್ಲೇ ಹೇಳಿಬಿಡಬಹುದು. ಆಶ್ಲೇಷ ನಾಲ್ಕು ಹನಿ ಹಾಕಿತು, ಧೂಳು ಅಡಗುವಷ್ಟು. ಊರು ಅವಳನ್ನು ಕೇಳಿತು ಕೂಡ. ಕೇಳಿದವರೂ ಮಾರನೆಯ ಬೆಳಿಗ್ಗೆ ಕೊಡ ಹಿಡಿದು ಬಂದರು. ಗುಣಿ ಅಗೆಯುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ಮಧ್ಯಾಹ್ನ ಅತ್ತೆ ಸೊಸೆ ಮನೆಗೆ ಬಂದಾಗ ಮನೆಯಲ್ಲಿ ಹಿಟ್ಟು ಕಲಸಲು ನೀರಿರಲಿಲ್ಲ. ಸಾವಂತ್ರಮ್ಮ ಒಂದು ಹಿಡಿ ಶೇಂಗಾ ಹುರಿದಳು. ಇಬ್ಬರೂ ಅಗಿದರು, ಗಂಟಲಲ್ಲಿ ಇಳಿಯಲಿಲ್ಲ. ತಿಪ್ಪಮ್ಮನ ಸೀರೆ ಮೈಮೇಲೆಯೇ ಒಣಗಿತು. ಅವಳು ಬೇರೆ ಉಡಲು ಒಪ್ಪಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಸೊಸೆ ಹರಳೆಣ್ಣೆ ಹಚ್ಚಲು ಹೋದರೆ ಕೈ ಮುಚ್ಚಿಕೊಂಡಳು.

ಹೊತ್ತು ಇಳಿಯುವ ಸಮಯಕ್ಕೆ ಭೀಮಕ್ಕ ಸೆರಗಿನಡಿ ಒಂದು ತಂಬಿಗೆ ಹಿಡಿದುಕೊಂಡು ಬಂದಳು. ಹೊಸ್ತಿಲ ಒಳಗೆ ಇಟ್ಟು, "ಹುಡುಗ್ರಿಗೆ ಹೇಳಬ್ಯಾಡ್ರಿ, ಬೆಕ್ಕು ಕುಡೀತು ಅಂತ ಸುಳ್ಳು ಹೇಳೀನಿ," ಎಂದಳು. ನಿಲ್ಲದೆ ಹೋದಳು.

ಸಾವಂತ್ರಮ್ಮ ತಂಬಿಗೆಯನ್ನು ಅತ್ತೆಯ ಕೈಗೆ ಕೊಟ್ಟಳು. ಮುದುಕಿ ಎತ್ತಿ ತುಟಿಯ ಹತ್ತಿರ ತಂದು, ಹಾಗೆಯೇ ಹಿಡಿದುಕೊಂಡಳು.

"ಸಾವಂತ್ರೀ."

"ಹೂಂ ಅತ್ತೆ."

"ನಾನು ಹಾಕಿದ ಏಟು ಅವನಿಗೆ ತಾಗಿರ್ತೈತೇನೇ?"

ಸಾವಂತ್ರಮ್ಮ ಬಾಗಿಲಾಚೆ ನೋಡಿದಳು. ಅಲ್ಲಿಂದ ಹೊಲ ಕಾಣುತ್ತಿರಲಿಲ್ಲ. ಬಿಸಿಲಿಗೆ ಕಾದ ಬೀದಿ, ಎದುರು ಮನೆಯ ಗೋಡೆ, ಅಷ್ಟೆ. ಎದೆಯಲ್ಲಿ ಏನೋ ಕಲ್ಲಿನ ಹಾಗೆ ಇದ್ದದ್ದು ಅಲುಗಿತು.

"ಇಲ್ಲ ಅತ್ತೆ," ಎಂದಳು. "ನೆಲ ಬಾಳ ಗಟ್ಟಿ ಐತೆ."

ತಿಪ್ಪಮ್ಮ ತಲೆಯಾಡಿಸಿದಳು. ಎರಡು ಗುಟುಕು ಕುಡಿದು, ತಂಬಿಗೆಯನ್ನು ಸೊಸೆಯ ಕಡೆ ಸರಿಸಿದಳು.

"ನೀನೂ ಕುಡಿ," ಎಂದಳು.